ಬೊಮ್ಮಾಯಿ ಕೇಸಿನ ಮೇಲೆ ಪ್ರಬಂಧ: ಕಥೆ ಹೇಳಿದರೆ ಸಾಕಾ, ಇನ್ನೇನು ಬೇಕು?

ಮೂರನೇವರ್ಷ_ಲಾ:
ಎಲ್ಲರಿಗೂ ನಮಸ್ಕಾರ. ಸಂವಿಧಾನದ ಪೇಪರಿಗೆ ಒಂದು ಕೇಸ್ ಅನಾಲಿಸಿಸ್ ಬರೆಯಬೇಕು. 2500 ಪದ, ಅದರ ಮೇಲೆ ಒಂದೂ ಜಾಸ್ತಿ ಆಗುವಂತಿಲ್ಲ. ನನಗೆ ಬಂದಿರುವುದು ಎಸ್. ಆರ್. ಬೊಮ್ಮಾಯಿ ಕೇಸು, 1989ರಲ್ಲಿ ಮುಖ್ಯಮಂತ್ರಿ ಬೊಮ್ಮಾಯಿ ಸರ್ಕಾರವನ್ನು ತೆಗೆದು ರಾಷ್ಟ್ರಪತಿ ಆಳ್ವಿಕೆ ಹೇರಿದ್ದರ ಮೇಲಿನದು. ನಮ್ಮ ರಾಜ್ಯದ್ದೇ ಕಥೆ, ಸಲೀಸು ಅಂದುಕೊಂಡೆ. ತೀರ್ಪು ತೆರೆದರೆ ತಲೆ ತಿರುಗುತ್ತಿದೆ. ಒಂಬತ್ತು ನ್ಯಾಯಮೂರ್ತಿಗಳು, ಆರು ಪ್ರತ್ಯೇಕ ತೀರ್ಪುಗಳು. ಕರ್ನಾಟಕ ಒಂದೇ ಅಲ್ಲ, ನಾಗಾಲ್ಯಾಂಡ್, ಮೇಘಾಲಯ, ಮಧ್ಯಪ್ರದೇಶ, ರಾಜಸ್ಥಾನ, ಹಿಮಾಚಲ ಪ್ರದೇಶ ಎಲ್ಲ ಅದರಲ್ಲೇ ಸೇರಿಕೊಂಡಿವೆ.

ನನ್ನ ಡ್ರಾಫ್ಟಿನ ಶುರು ಹೀಗಿದೆ, ನೋಡಿ ಹೇಳಿ:

"ಭಾರತದ ಸಂವಿಧಾನವು ವಿಶ್ವದ ಅತಿ ದೊಡ್ಡ ಲಿಖಿತ ಸಂವಿಧಾನಗಳಲ್ಲಿ ಒಂದಾಗಿದೆ. ಡಾ. ಅಂಬೇಡ್ಕರ್ ಅವರು ಇದರ ಶಿಲ್ಪಿಯಾಗಿದ್ದಾರೆ. ವಿಧಿ 356ರ ಅಡಿಯಲ್ಲಿ ರಾಜ್ಯಗಳಲ್ಲಿ ರಾಷ್ಟ್ರಪತಿ ಆಳ್ವಿಕೆಯನ್ನು ಹೇರಬಹುದಾಗಿದೆ. ಈ ನಿಟ್ಟಿನಲ್ಲಿ ಬೊಮ್ಮಾಯಿ ಪ್ರಕರಣವು ಒಂದು ಮೈಲಿಗಲ್ಲಾಗಿದೆ."

ಇದಾದ ಮೇಲೆ ಫ್ಯಾಕ್ಟ್ಸ್ ಬರೆಯಲು ಹೋಗಿ ಅರ್ಧ ಪದಗಳು ಅಲ್ಲೇ ಖಾಲಿಯಾಗಿವೆ. ತೀರ್ಪಿನ ಸಾರ ಬರೆದರೆ ಉಳಿದದ್ದೂ ಮುಗಿಯುತ್ತದೆ. ಅನಾಲಿಸಿಸ್ ಎಲ್ಲಿ ಹಾಕಲಿ?

ಪ್ಯಾರಾನಂಬರ್:
ಮೊದಲು ಆ ನಾಲ್ಕು ವಾಕ್ಯ ತೆಗೆದುಬಿಡಿ. ಅದರಲ್ಲಿ ಸುಳ್ಳೇನೂ ಇಲ್ಲ. ಆದರೆ ಕೊನೆಯ ವಾಕ್ಯದಲ್ಲಿ ಕೇಸಿನ ಹೆಸರು ಬದಲಾಯಿಸಿದರೆ ಸಾಕು, ವಿಧಿ 356ರ ಯಾವ ಕೇಸಿಗೆ ಬೇಕಾದರೂ ಹೊಂದುತ್ತದೆ. ಉತ್ತರಪತ್ರಿಕೆ ತಿದ್ದುವವರು ಇಂಥ ಶುರುವನ್ನು ಓದುವುದಿಲ್ಲ, ಕಣ್ಣಾಡಿಸಿ ಮುಂದೆ ಹೋಗುತ್ತಾರೆ. ನಾನು ತಿದ್ದುವ ಕಡೆಯವನು, ಆದ್ದರಿಂದ ಹೇಳುತ್ತಿದ್ದೇನೆ.

ಅಂಬೇಡ್ಕರ್ ಬೇಕೇ ಬೇಕು ಅಂತಿದ್ದರೆ ಕೆಲಸಕ್ಕೆ ಬರುವ ಅಂಬೇಡ್ಕರರನ್ನು ತನ್ನಿ. ಈ ವಿಧಿಯ ಬಗ್ಗೆ 1949ರ ಆಗಸ್ಟಿನಲ್ಲಿ ಸಂವಿಧಾನ ಸಭೆಯಲ್ಲಿ ಅವರು, ಇಂಥ ವಿಧಿಗಳನ್ನು ಬಳಸುವ ಪ್ರಸಂಗವೇ ಬರಬಾರದು, ಅವು ಪುಸ್ತಕದಲ್ಲೇ ಉಳಿಯಲಿ ಎಂಬ ಅರ್ಥದ ಮಾತು ಹೇಳಿದ್ದರು. ಆ ನಿರೀಕ್ಷೆ ಒಂದು ಕಡೆ, 1989ರ ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲಿ ನಡೆದದ್ದು ಇನ್ನೊಂದು ಕಡೆ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಅದೇ ಒಂದು ಶುರು.

ಹರಟೆಕಟ್ಟೆ:
ನಾನು ಲಾ ಓದಿದವನಲ್ಲ, ಪೇಪರ್ ಓದುವವನು ಅಷ್ಟೇ. ಈ "ಮೈಲಿಗಲ್ಲು" ಅನ್ನುವ ಪದವನ್ನು ಒಂದು ವರ್ಷ ಬ್ಯಾನ್ ಮಾಡಿದರೆ ಎಷ್ಟು ಪ್ರಬಂಧಗಳು ಶುರುವೇ ಆಗುವುದಿಲ್ಲವೋ ಏನೋ.

ಕರಿಕೋಟು:
ಫ್ಯಾಕ್ಟ್ಸ್ ವಿಷಯಕ್ಕೆ ಬರುತ್ತೇನೆ, ಅಲ್ಲೇ ಜಾಸ್ತಿ ಜನ ಮುಳುಗುವುದು. ಜನತಾ ಪಕ್ಷ ಹುಟ್ಟಿದ್ದು, ಒಡೆದದ್ದು, ಹೆಗಡೆ ರಾಜೀನಾಮೆ, ಜನತಾದಳ ಆದದ್ದು, ಎಲ್ಲವನ್ನೂ ಬರೆಯುತ್ತಾ ಕೂರುತ್ತಾರೆ. ಅದು ಬೇರೆ ಪ್ರಬಂಧ. ನಿಮ್ಮ ಕೇಸಿಗೆ ಬೇಕಾದ ಫ್ಯಾಕ್ಟ್ಸ್ ಒಂದೇ ವಾರದಲ್ಲಿ ಮುಗಿಯುತ್ತವೆ.

ಏಪ್ರಿಲ್ 15ಕ್ಕೆ ಬೊಮ್ಮಾಯಿ ಸಂಪುಟ ವಿಸ್ತರಣೆ, 13 ಮಂದಿ ಹೊಸ ಮಂತ್ರಿಗಳು. 17ಕ್ಕೆ ಆಡಳಿತ ಪಕ್ಷದ ಒಬ್ಬ ಶಾಸಕರು ಬಿಟ್ಟುಹೋಗಿ ರಾಜ್ಯಪಾಲರಿಗೆ ಪತ್ರ ಕೊಟ್ಟರು, ಜೊತೆಗೆ 19 ಶಾಸಕರು ಬೆಂಬಲ ವಾಪಸ್ ಪಡೆದಿದ್ದಾರೆ ಎನ್ನುವ ಪತ್ರಗಳು. 19ಕ್ಕೆ ರಾಜ್ಯಪಾಲ ವೆಂಕಟಸುಬ್ಬಯ್ಯ ರಾಷ್ಟ್ರಪತಿಗೆ ವರದಿ ಕಳಿಸಿದರು. ಸರ್ಕಾರಕ್ಕೆ ಬಹುಮತ ಇಲ್ಲ ಅಂತ. 20ಕ್ಕೆ ಆ 19ರಲ್ಲಿ ಏಳು ಮಂದಿ, ನಮ್ಮ ಸಹಿಯನ್ನು ತಪ್ಪು ಹೇಳಿ ಪಡೆದಿದ್ದಾರೆ, ನಾವು ಸರ್ಕಾರದ ಜೊತೆಗೇ ಇದ್ದೇವೆ ಎಂದು ಬರೆದುಕೊಟ್ಟರು. ಅದೇ ದಿನ ಮುಖ್ಯಮಂತ್ರಿ ಮತ್ತು ಕಾನೂನು ಮಂತ್ರಿ ರಾಜ್ಯಪಾಲರನ್ನು ಕಂಡು ಸದನದಲ್ಲೇ ಬಹುಮತ ತೋರಿಸುತ್ತೇವೆ, ಬೇಕಾದರೆ ಅಧಿವೇಶನವನ್ನು ಮುಂಚೆಯೇ ಕರೆಯೋಣ ಅಂದರು. ರಾಜ್ಯಪಾಲರು ಅದೇ ದಿನ ಇನ್ನೊಂದು ವರದಿ ಕಳಿಸಿದರು. ಈ ಏಳು ಪತ್ರಗಳೇ ಕುದುರೆ ವ್ಯಾಪಾರ ನಡೆಯುತ್ತಿದೆ ಎನ್ನುವುದಕ್ಕೆ ಸಾಕ್ಷಿ ಅಂತ. 21ಕ್ಕೆ ರಾಷ್ಟ್ರಪತಿ ಆಳ್ವಿಕೆಯ ಘೋಷಣೆ ಬಂತು, ಸರ್ಕಾರ ಹೋಯಿತು.

ಇಷ್ಟೇ. ಇನ್ನೂರು ಪದದೊಳಗೆ ಮುಗಿಯಬೇಕು. ಯಾವ ಫ್ಯಾಕ್ಟ್ ಇಟ್ಟುಕೊಳ್ಳಬೇಕು ಅಂತ ಗೊತ್ತಾಗದಿದ್ದರೆ ಒಂದು ಪರೀಕ್ಷೆ ಮಾಡಿ. ಈ ಸಂಗತಿ ಬೇರೆ ಥರ ಇದ್ದಿದ್ದರೆ ಫಲಿತಾಂಶ ಬದಲಾಗುತ್ತಿತ್ತಾ? ಬೊಮ್ಮಾಯಿ ಸದನದಲ್ಲಿ ತೋರಿಸುತ್ತೇನೆ ಅಂತ ಹೇಳದೇ ಇದ್ದಿದ್ದರೆ ಕೇಸಿನ ಬಣ್ಣವೇ ಬೇರೆ ಆಗುತ್ತಿತ್ತು, ಆದ್ದರಿಂದ ಅದು ಇರಲೇಬೇಕು. ಹದಿಮೂರರ ಬದಲು ಹತ್ತೇ ಮಂತ್ರಿಗಳು ಆಗಿದ್ದರೆ? ಏನೂ ಆಗುತ್ತಿರಲಿಲ್ಲ. ಸಂಖ್ಯೆ ಬಿಟ್ಟರೂ ನಡೆಯುತ್ತದೆ.

ಮೂಟ್‌ಪ್ರಿಯೆ:
ಫ್ಯಾಕ್ಟ್ಸ್ ಜೊತೆಗೇ ಹೈಕೋರ್ಟ್ ಏನು ಹೇಳಿತು ಅನ್ನುವುದನ್ನೂ ಎರಡು ಸಾಲಿನಲ್ಲಿ ಹಾಕಿ, ಇದನ್ನು ಎಲ್ಲರೂ ಬಿಟ್ಟುಬಿಡುತ್ತಾರೆ. ಕರ್ನಾಟಕ ಹೈಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಬೊಮ್ಮಾಯಿ ಅರ್ಜಿಯನ್ನು ವಜಾ ಮಾಡಿತ್ತು. ವರದಿ ಕಳಿಸುವ ಮುಂಚೆ ಸದನದಲ್ಲಿ ಬಲ ಪರೀಕ್ಷೆ ಆಗಲೇಬೇಕು ಅಂತೇನಿಲ್ಲ ಅಂದಿತ್ತು. ಮಧ್ಯಪ್ರದೇಶದಲ್ಲಿ ಉಲ್ಟಾ. ಅಲ್ಲಿನ ಹೈಕೋರ್ಟ್ 1992ರ ಘೋಷಣೆಯನ್ನು ರದ್ದು ಮಾಡಿತ್ತು. ಸುಪ್ರೀಂ ಕೋರ್ಟ್ ಎರಡನ್ನೂ ತಿರುಗಿಸಿತು. ನೀವು ಸುಪ್ರೀಂ ಕೋರ್ಟಿನ ತೀರ್ಪೊಂದನ್ನೇ ಓದಿದರೆ ಅದು ಹೇಳಿದ್ದು ಸಹಜ, ಇನ್ನೇನು ಹೇಳಲು ಸಾಧ್ಯ ಅನ್ನಿಸುತ್ತದೆ. ಕೆಳಗಿನ ಕೋರ್ಟ್ ಬೇರೆ ಹೇಳಿತ್ತು ಅಂತ ಗೊತ್ತಾದಾಗಲೇ ಅಲ್ಲಿ ಆಯ್ಕೆಗೆ ಜಾಗ ಇತ್ತು ಅನ್ನುವುದು ಕಾಣುತ್ತದೆ.

ಮೂರನೇವರ್ಷ_ಲಾ:
ಥ್ಯಾಂಕ್ಸ್ ಎಲ್ಲರಿಗೂ. ನಮಗೆ ಕ್ಲಾಸಿನಲ್ಲಿ ಐಆರ್‌ಎಸಿ ಹೇಳಿಕೊಟ್ಟಿದ್ದಾರೆ. ಪ್ರಶ್ನೆ, ನಿಯಮ, ಅನ್ವಯ, ತೀರ್ಮಾನ. ಅದೇ ನಾಲ್ಕು ತಲೆಬರಹ ಹಾಕಿ ಬರೆಯಲಾ?

ಕರಿಕೋಟು:
ಬರೆಯಿರಿ. ಗಟ್ಟಿ ಚೌಕಟ್ಟು ಅದು, ತಪ್ಪಿಹೋಗುವುದಿಲ್ಲ.

ಪ್ಯಾರಾನಂಬರ್:
ಒಪ್ಪುವುದಿಲ್ಲ ಸರ್. ಐಆರ್‌ಎಸಿ ಇರುವುದು ಸಮಸ್ಯೆ ಬಿಡಿಸಲು. ಎ ಎನ್ನುವವನು ಬಿಗೆ ಹಾಲು ಮಾರಿದ, ಹಾಲು ಕೆಟ್ಟಿತ್ತು, ಬಿಗೆ ಪರಿಹಾರ ಸಿಗುತ್ತಾ ಅನ್ನುವ ಥರದ್ದಕ್ಕೆ ಅದು ಸರಿ. ಕೇಸ್ ಅನಾಲಿಸಿಸ್‌ನಲ್ಲಿ ಸಮಸ್ಯೆಯನ್ನು ಕೋರ್ಟ್ ಆಗಲೇ ಬಿಡಿಸಿದೆ. ಈ ವಿದ್ಯಾರ್ಥಿ ನೋಡಬೇಕಾದ್ದು ಬಿಡಿಸಿದ ರೀತಿಯನ್ನು. ಐಆರ್‌ಎಸಿ ಹಾಕಿದರೆ ಏನಾಗುತ್ತದೆ ಅಂದರೆ, ಕೋರ್ಟಿನ ಪ್ರಶ್ನೆ, ಕೋರ್ಟಿನ ನಿಯಮ, ಕೋರ್ಟಿನ ಅನ್ವಯ, ಕೋರ್ಟಿನ ತೀರ್ಮಾನ, ಕೊನೆಗೆ "ಇದು ಸ್ವಾಗತಾರ್ಹ ತೀರ್ಪು" ಅಂತ ಒಂದು ಸಾಲು. ಅನಾಲಿಸಿಸ್ ಎಲ್ಲಿ ಬಂತು?

ಕರಿಕೋಟು:
ತೀರ್ಪಿನ ನೋಟ್ಸ್ ಮಾಡಿಕೊಳ್ಳಲು ಬೇಕಾಗುತ್ತದೆ ಅಂತ ನಾನು ಹೇಳಿದ್ದು. ಪ್ರಬಂಧದ ತಲೆಬರಹಗಳಾಗಿ ಬೇಡ ಅನ್ನುವುದಾದರೆ ಜಗಳ ಇಲ್ಲ.

ಮೂಟ್‌ಪ್ರಿಯೆ:
ನೋಟ್ಸ್ ಮಾಡುವಾಗ ಈ ಕೇಸಿಗೆ ಇನ್ನೊಂದು ಕೆಲಸ ಇದೆ, ಅದು ಬೇಸರದ್ದು, ಆದರೆ ಬಿಡುವಂತಿಲ್ಲ. ಒಂದು ಹಾಳೆ ತೆಗೆದುಕೊಂಡು ಎಡಕ್ಕೆ ಒಂಬತ್ತು ಹೆಸರು ಬರೆಯಿರಿ. ಪಾಂಡಿಯನ್, ಅಹ್ಮದಿ, ಕುಲದೀಪ್ ಸಿಂಗ್, ವರ್ಮಾ, ಸಾವಂತ್, ರಾಮಸ್ವಾಮಿ, ಅಗರವಾಲ್, ಯೋಗೇಶ್ವರ್ ದಯಾಳ್, ಜೀವನ್ ರೆಡ್ಡಿ. ಮೇಲೆ ಅಡ್ಡಕ್ಕೆ ಪ್ರಶ್ನೆಗಳು. ಘೋಷಣೆಯನ್ನು ಕೋರ್ಟ್ ಪರಿಶೀಲಿಸಬಹುದೇ, ಎಷ್ಟರ ಮಟ್ಟಿಗೆ? ಸದನದಲ್ಲೇ ಬಲ ಪರೀಕ್ಷೆ ಆಗಬೇಕೇ? ಸಂಸತ್ತು ಒಪ್ಪುವ ಮುಂಚೆ ವಿಧಾನಸಭೆ ವಿಸರ್ಜಿಸಬಹುದೇ? ಮಂತ್ರಿಗಳು ರಾಷ್ಟ್ರಪತಿಗೆ ಕೊಟ್ಟ ಸಲಹೆಯನ್ನು ಕೋರ್ಟ್ ವಿಚಾರಿಸುವಂತಿಲ್ಲ ಎನ್ನುವ ವಿಧಿ 74(2) ಇದ್ದರೂ ರಾಷ್ಟ್ರಪತಿಯ ಮುಂದಿದ್ದ ಕಾಗದಪತ್ರ ಕೇಳಬಹುದೇ? ಕರ್ನಾಟಕದ ಘೋಷಣೆ ಸರಿಯೋ ತಪ್ಪೋ?

ಸಾವಂತ್ ಜೊತೆ ಕುಲದೀಪ್ ಸಿಂಗ್ ಇದ್ದಾರೆ. ಜೀವನ್ ರೆಡ್ಡಿ ಜೊತೆ ಅಗರವಾಲ್. ವರ್ಮಾ ಜೊತೆ ದಯಾಳ್. ಉಳಿದ ಮೂವರದು ಬೇರೆ ಬೇರೆ. ಮುಖ್ಯ ಪ್ರಶ್ನೆಯಲ್ಲಿ ಪಾಂಡಿಯನ್ ಸೇರಿ ಐದು ಮಂದಿ ಒಂದು ಕಡೆ. ಐದು, ಒಂಬತ್ತಲ್ಲ! "ಬೊಮ್ಮಾಯಿ ಕೇಸಿನಲ್ಲಿ ಒಂಬತ್ತು ನ್ಯಾಯಮೂರ್ತಿಗಳು ಸರ್ವಾನುಮತದಿಂದ" ಅಂತ ಬರೆಯುವವರನ್ನು ನೋಡಿದರೆ ಇವರು ತೀರ್ಪು ಮುಟ್ಟಿಯೇ ಇಲ್ಲ ಅಂತ ತಕ್ಷಣ ಗೊತ್ತಾಗುತ್ತದೆ.

ಪ್ಯಾರಾನಂಬರ್:
ಇದು ನೂರಕ್ಕೆ ನೂರು ಸರಿ. ಒಬ್ಬರೇ ನ್ಯಾಯಮೂರ್ತಿ ಹೇಳಿದ ಮಾತನ್ನು "ಕೋರ್ಟ್ ಹೇಳಿತು" ಅಂತ ಬರೆಯಬೇಡಿ. ಮಂತ್ರಿಮಂಡಲದ ಬಲ ಯಾರೋ ಒಬ್ಬರ ಖಾಸಗಿ ಅಭಿಪ್ರಾಯದ ವಿಷಯವಲ್ಲ, ಅವರು ರಾಜ್ಯಪಾಲರಾಗಿರಲಿ, ರಾಷ್ಟ್ರಪತಿಯಾಗಿರಲಿ, ಎಂಬ ಅರ್ಥದ ಮಾತು ಎಲ್ಲರ ಬಾಯಲ್ಲೂ ಇದೆ. ಅದು ಸಾವಂತ್ ಅವರ ತೀರ್ಪಿನದು. ಸಾವಂತ್ ಅಂತಲೇ ಬರೆಯಿರಿ, ಆಮೇಲೆ ಯಾರು ಅದಕ್ಕೆ ಕೈ ಜೋಡಿಸಿದರು ಅಂತ ಹೇಳಿ. ಪ್ಯಾರಾ ಸಂಖ್ಯೆ ಕೊಡುವಾಗ ಯಾವ ರಿಪೋರ್ಟಿನದು, ಅಂದರೆ ತೀರ್ಪು ಅಚ್ಚು ಮಾಡುವ ಯಾವ ಸರಣಿಯದು ಅನ್ನುವುದೂ ಮುಖ್ಯ. (1994) 3 ಎಸ್‌ಸಿಸಿ 1 ಬೇರೆ, ಎಐಆರ್ 1994 ಎಸ್‌ಸಿ 1918 ಬೇರೆ, ಎರಡರ ಪ್ಯಾರಾ ಲೆಕ್ಕ ಹೊಂದುತ್ತದೆ ಅಂತ ನಂಬಬೇಡಿ. ಒಂದನ್ನು ಹಿಡಿದರೆ ಕೊನೆವರೆಗೂ ಅದನ್ನೇ ಹಿಡಿಯಿರಿ.

ಮತ್ತೆ ಹೆಡ್‌ನೋಟ್, ಅಂದರೆ ತೀರ್ಪಿನ ಮುಂಚೆ ಅಚ್ಚಾಗುವ ಸಾರಾಂಶ. ಅದು ರಿಪೋರ್ಟ್ ಮಾಡಿದವರು ಬರೆದದ್ದು, ನ್ಯಾಯಮೂರ್ತಿಗಳದ್ದಲ್ಲ. ದಾರಿ ತೋರಿಸಲು ಸರಿ, ಉಲ್ಲೇಖಿಸಲು ಅಲ್ಲ.

ಮೂರನೇವರ್ಷ_ಲಾ:
ಆ ಹಾಳೆ ಶುರು ಮಾಡಿದೆ, ತುಂಬಾ ಉಪಯೋಗ ಆಯಿತು. ಒಂದು ಗೊಂದಲ. ಸದನದಲ್ಲೇ ಬಹುಮತ ಪರೀಕ್ಷೆ ಆಗಬೇಕು ಅಂತ ಹೇಳಿ ಕರ್ನಾಟಕದ ಘೋಷಣೆ ತಪ್ಪು ಅಂದರು. ಆದರೆ 1992ರ ಡಿಸೆಂಬರ್ 15ಕ್ಕೆ ಮಧ್ಯಪ್ರದೇಶ, ರಾಜಸ್ಥಾನ, ಹಿಮಾಚಲದಲ್ಲಿ ಸರ್ಕಾರ ತೆಗೆದದ್ದು ಸರಿ ಅಂದಿದ್ದಾರೆ. ಅಲ್ಲಿ ಆ ಸರ್ಕಾರಗಳಿಗೆ ಬಹುಮತ ಇತ್ತಲ್ಲ? ಇದು ಒಂದಕ್ಕೊಂದು ಹೊಂದುವುದಿಲ್ಲ ಅಲ್ವಾ?

ಪ್ಯಾರಾನಂಬರ್:
ನೋಡಿ, ಈಗ ಅನಾಲಿಸಿಸ್ ಶುರುವಾಯಿತು. ಈ ಅನುಮಾನವನ್ನು ಒರೆಸಿ ಹಾಕಬೇಡಿ, ಅದರ ಮೇಲೇ ಬರೆಯಿರಿ.

ಕೋರ್ಟಿನ ಉತ್ತರ ಏನು ಅಂದರೆ ಆರೋಪವೇ ಬೇರೆ. ಕರ್ನಾಟಕದಲ್ಲಿ ಪ್ರಶ್ನೆ ತಲೆ ಎಣಿಕೆಯದು, ಅದನ್ನು ಎಣಿಸುವ ಜಾಗ ಸದನ. ಆ ಮೂರು ರಾಜ್ಯಗಳಲ್ಲಿ ಅಯೋಧ್ಯೆಯ ಘಟನೆಯ ನಂತರದ ಪರಿಸ್ಥಿತಿ, ಜಾತ್ಯತೀತತೆ ಸಂವಿಧಾನದ ಮೂಲರಚನೆಯ (ತಿದ್ದುಪಡಿಯಿಂದಲೂ ತೆಗೆಯಲಾಗದ ತಿರುಳಿನ) ಭಾಗ, ಅದಕ್ಕೆ ವಿರುದ್ಧವಾಗಿ ನಡೆಯುವ ಸರ್ಕಾರ ಸಂವಿಧಾನದಂತೆ ನಡೆಯುತ್ತಿಲ್ಲ ಎನ್ನುವ ವಾದ. ಅಲ್ಲಿ ಬಹುಮತ ಇದ್ದರೂ ಅದು ಉತ್ತರವಾಗುವುದಿಲ್ಲ.

ಈಗ ನಿಮ್ಮ ಕೆಲಸ. ಮೊದಲನೆಯ ಸಂಗತಿಯನ್ನು ಎಣಿಸಿ ತಿಳಿಯಬಹುದು. ಎರಡನೆಯದನ್ನು ಯಾರು ಹೇಗೆ ಅಳೆಯಬೇಕು? ಒಂದು ಕಡೆ ಅಷ್ಟು ಬಿಗಿ ಮಾಡಿದ ಕೋರ್ಟ್ ಇನ್ನೊಂದು ಕಡೆ ಸಡಿಲ ಬಿಟ್ಟಿತೇ? ಬಿಟ್ಟಿತು ಅನ್ನಿ, ಇಲ್ಲ ಅನ್ನಿ, ಕಾರಣ ಕೊಡಿ.

ಮೂಟ್‌ಪ್ರಿಯೆ:
ಇಲ್ಲೇ ವರ್ಮಾ ಅವರ ತೀರ್ಪು ಬೇಕಾಗುತ್ತದೆ. ಅದು ಚಿಕ್ಕದು, ಒಂದು ಸಂಜೆಯಲ್ಲಿ ಓದಿ ಮುಗಿಸಬಹುದು. ಅವರು ಪರಿಶೀಲನೆಯ ವ್ಯಾಪ್ತಿಯನ್ನು ಕಿರಿದು ಮಾಡುತ್ತಾರೆ. ನಿಖರವಾಗಿ ಅಳೆದು ನೋಡಬಹುದಾದ ಸಂಗತಿ ಇದ್ದರೆ ಮಾತ್ರ ಕೋರ್ಟ್ ಕೈ ಹಾಕಬೇಕು, ನಾನಾ ಅಂಶಗಳನ್ನು ತೂಗಿ ರಾಜಕೀಯ ತೀರ್ಮಾನ ಮಾಡುವ ಕಡೆ ಬೇಡ ಅಂತ. ಆ ಅಳತೆಯನ್ನು ಒಂದೊಂದೇ ರಾಜ್ಯಕ್ಕೆ ಹಾಕಿ ನೋಡಿ, ಆಮೇಲೆ ಅವರು ಸ್ವತಃ ಯಾವ ರಾಜ್ಯಕ್ಕೆ ಏನು ಹೇಳಿದ್ದಾರೆ ಅಂತ ಓದಿ. ನಾನು ಹೇಳಿಬಿಟ್ಟರೆ ಮಜಾ ಹೋಗುತ್ತದೆ.

ಕಡಿಮೆ ಮತದವರು ಸೋತವರು, ಅವರನ್ನು ಯಾಕೆ ಓದಬೇಕು ಅನ್ನುವವರಿಗೆ ಒಂದು ಮಾತು. ತುರ್ತು ಪರಿಸ್ಥಿತಿಯಲ್ಲಿ ಬಂಧಿತರು ಕೋರ್ಟಿಗೆ ಹೋಗಬಹುದೇ ಅನ್ನುವ 1976ರ ಎಡಿಎಂ ಜಬಲ್ಪುರ ಕೇಸಿನಲ್ಲಿ ಖನ್ನಾ ಒಬ್ಬರೇ ಬೇರೆ ನಿಂತರು, ನಾಲ್ಕು ಜನ ಆ ಕಡೆ. ಖಾಸಗಿತನದ ಹಕ್ಕಿನ ಮೇಲಿನ 2017ರ ಪುಟ್ಟಸ್ವಾಮಿ ಕೇಸಿನಲ್ಲಿ ಆ ನಾಲ್ವರ ತೀರ್ಪನ್ನು ತಪ್ಪು ಅಂತ ತೆಗೆದುಹಾಕಿದರು. ತೆಗೆದುಹಾಕಿದ ತೀರ್ಪು ಬರೆದ ಚಂದ್ರಚೂಡ್, ಆ ನಾಲ್ವರಲ್ಲಿ ಒಬ್ಬರ ಮಗ.

ಹರಟೆಕಟ್ಟೆ:
ಅಪ್ಪನ ತೀರ್ಪನ್ನು ಮಗ ತಿದ್ದಿದ್ದು ಗೊತ್ತಿರಲಿಲ್ಲ. ನನ್ನದೊಂದು ಸಾಮಾನ್ಯ ಮನುಷ್ಯನ ಪ್ರಶ್ನೆ. ಬೊಮ್ಮಾಯಿ ಗೆದ್ದರು ಅಂತೀರಿ. ಸರ್ಕಾರ ವಾಪಸ್ ಬಂತಾ?

ಕರಿಕೋಟು:
ಬರಲಿಲ್ಲ. ಘೋಷಣೆ ಆದದ್ದು 1989ರ ಏಪ್ರಿಲ್, ಅದೇ ವರ್ಷದ ಕೊನೆಗೆ ಚುನಾವಣೆ ಆಗಿ ಬೇರೆ ಸರ್ಕಾರ ಬಂತು. ಸುಪ್ರೀಂ ಕೋರ್ಟ್ ತೀರ್ಪು ಬಂದದ್ದು 1994ರ ಮಾರ್ಚ್ 11ಕ್ಕೆ. ಆಗ ವಾಪಸ್ ಕೊಡಲು ಏನೂ ಉಳಿದಿರಲಿಲ್ಲ.

ಲಾ ತಮ್ಮಂಗೆ ಹೇಳುತ್ತೇನೆ, ಇದೂ ಒಂದು ಒಳ್ಳೆಯ ಪ್ರಬಂಧ. ಗೆದ್ದವನ ಕೈಗೆ ಏನು ಸಿಕ್ಕಿತು? ಘೋಷಣೆ ತಪ್ಪಾದರೆ ಹಳೆಯ ಸರ್ಕಾರ ಮತ್ತು ವಿಧಾನಸಭೆಯನ್ನು ಮರಳಿ ಕೂರಿಸುವ ಅಧಿಕಾರ ಕೋರ್ಟಿಗೆ ಇದೆ ಅಂತ ಬೊಮ್ಮಾಯಿಯಲ್ಲೇ ಹೇಳಿದ್ದಾರೆ. ಆದರೆ ಕರ್ನಾಟಕಕ್ಕೆ ಅದು ಕಾಗದದ ಮೇಲೆ ಉಳಿಯಿತು. 2005ರಲ್ಲಿ ಬಿಹಾರದ ವಿಧಾನಸಭೆ ಸೇರುವ ಮುಂಚೆಯೇ ವಿಸರ್ಜನೆ ಆಯಿತು, ರಾಮೇಶ್ವರ್ ಪ್ರಸಾದ್ ಕೇಸಿನಲ್ಲಿ ಅದನ್ನು ಅಸಾಂವಿಧಾನಿಕ ಅಂದರು, ಆದರೆ ಚುನಾವಣೆ ಆಗಲೇ ಶುರುವಾಗಿದೆ ಅಂತ ವಾಪಸ್ ಕೊಡಲಿಲ್ಲ. 2016ರ ನಬಾಮ್ ರೆಬಿಯಾ ಕೇಸಿನಲ್ಲಿ ಮಾತ್ರ ಅರುಣಾಚಲದಲ್ಲಿ 2015ರ ಡಿಸೆಂಬರ್ 15ರ ಸ್ಥಿತಿಗೇ ಮರಳಿಸಿದರು. ಅದು ನೇರವಾಗಿ 356ರ ಕೇಸಲ್ಲ, ರಾಜ್ಯಪಾಲರು ಅಧಿವೇಶನವನ್ನು ನಿಗದಿಗಿಂತ ಮುಂಚೆಯೇ ಕರೆದದ್ದರ ಮೇಲಿನದು, ಅದನ್ನು ಮರೆಯದೆ ಹೇಳಿ. 2023ರ ಮಹಾರಾಷ್ಟ್ರದ ಕೇಸಿನಲ್ಲಿ, 2022ರಲ್ಲಿ ಬಲ ಪರೀಕ್ಷೆಗೆ ಕರೆದ ರಾಜ್ಯಪಾಲರದೇ ತಪ್ಪು ಅಂದರು, ಆದರೆ ಮುಖ್ಯಮಂತ್ರಿ ಪರೀಕ್ಷೆ ಎದುರಿಸದೆ ರಾಜೀನಾಮೆ ಕೊಟ್ಟಿದ್ದರಿಂದ ಮರಳಿಸಲು ಬರುವುದಿಲ್ಲ ಅಂದರು. 1989ರಲ್ಲಿ ಸದನಕ್ಕೆ ಹೋಗಲು ಬಿಡಲಿಲ್ಲ ಅನ್ನುವುದು ದೂರು, 2022ರಲ್ಲಿ ಸದನಕ್ಕೆ ಹೋಗಿ ಅಂದದ್ದೇ ದೂರು.

ಮೂರನೇವರ್ಷ_ಲಾ:
ಈಗ ಎರಡು ದಾರಿ ಆಯಿತು. ಎರಡನ್ನೂ ಹಾಕಿದರೆ?

ಪ್ಯಾರಾನಂಬರ್:
ಬೇಡ. 2500 ಪದದಲ್ಲಿ ಒಂದು ಪ್ರಶ್ನೆ ಹಿಡಿಸುತ್ತದೆ. ಒಂದನ್ನು ಆರಿಸಿ, ಇನ್ನೊಂದನ್ನು ಬಿಟ್ಟಿದ್ದೇನೆ ಅಂತ ಒಂದು ಸಾಲಿನಲ್ಲಿ ಹೇಳಿಬಿಡಿ. ಬಿಟ್ಟದ್ದಕ್ಕೆ ಯಾರೂ ಅಂಕ ಕಡಿಯುವುದಿಲ್ಲ, ಮುಟ್ಟಿ ಮುಟ್ಟಿ ಓಡಿದ್ದಕ್ಕೆ ಕಡಿಯುತ್ತಾರೆ. ನಿಮ್ಮ ಶುರುವಿನ ಪ್ಯಾರಾ ಪರಿಹಾರದ ಪ್ರಶ್ನೆ, ಅಂದರೆ ಗೆದ್ದವನಿಗೆ ಏನು ಸಿಕ್ಕಿತು ಅನ್ನುವುದನ್ನು ಹಿಡಿದರೆ ಹೀಗಿರಬಹುದು, ಇದನ್ನೇ ಕಾಪಿ ಮಾಡಬೇಡಿ ಮತ್ತೆ:

"1989ರ ಏಪ್ರಿಲ್ 20ರಂದು ಕರ್ನಾಟಕದ ಮುಖ್ಯಮಂತ್ರಿ ಸದನದಲ್ಲಿ ಬಹುಮತ ತೋರಿಸುತ್ತೇನೆ ಎಂದರು. ಮರುದಿನ ಅವರ ಸರ್ಕಾರ ಇರಲಿಲ್ಲ. ಅವರು ಹೇಳಿದ್ದೇ ಸರಿ ಎಂದು ಸುಪ್ರೀಂ ಕೋರ್ಟಿನ ಬಹುಮತ ಒಪ್ಪಲು ಸುಮಾರು ಐದು ವರ್ಷ ಬೇಕಾಯಿತು. ತಡವಾಗಿ ಬಂದ ಈ ಗೆಲುವು ಮುಂದಿನ ರಾಜ್ಯಪಾಲರನ್ನು ಕಟ್ಟಿಹಾಕಿತೇ ಎಂಬುದು ಈ ಪ್ರಬಂಧದ ಪ್ರಶ್ನೆ."

ನಾಲ್ಕೇ ವಾಕ್ಯ. ಓದುವವರಿಗೆ ಎಲ್ಲಿಗೆ ಹೋಗುತ್ತಿದ್ದೇವೆ ಅಂತ ಗೊತ್ತಾಯಿತು.

ಮೂಟ್‌ಪ್ರಿಯೆ:
ಕೊನೆಗೆ ನಿಮ್ಮ ನಿಲುವು ಇರಲಿ. "ಒಂದು ದೃಷ್ಟಿಯಲ್ಲಿ ಸರಿ, ಇನ್ನೊಂದು ದೃಷ್ಟಿಯಲ್ಲಿ ತಪ್ಪು" ಅಂತ ಅಡ್ಡಗೋಡೆ ಮೇಲೆ ದೀಪ ಇಟ್ಟರೆ ಓದಿದವರಿಗೆ ಸಿಟ್ಟು ಬರುತ್ತದೆ. ನಿಮ್ಮ ವಿರುದ್ಧದ ವಾದವನ್ನು ಅದರ ಗಟ್ಟಿ ರೂಪದಲ್ಲಿ ಹೇಳಿ, ಆಮೇಲೆ ಯಾಕೆ ಒಪ್ಪುವುದಿಲ್ಲ ಅಂತ ಹೇಳಿ. ಉದಾಹರಣೆಗೆ, ವಾಪಸ್ ಕೊಡದಿದ್ದರೇನು, ತೀರ್ಪು ಬಂದ ಮೇಲೆ ಕೋರ್ಟುಗಳು ತಕ್ಷಣ ಬಲ ಪರೀಕ್ಷೆಗೆ ಆದೇಶಿಸಲು ಧೈರ್ಯ ಬಂತಲ್ಲ ಅಂತ ಯಾರಾದರೂ ಹೇಳಬಹುದು. 2018ರ ಮೇ ತಿಂಗಳಲ್ಲಿ ನಮ್ಮಲ್ಲೇ ರಾಜ್ಯಪಾಲರು 15 ದಿನ ಕೊಟ್ಟಿದ್ದರು, ಸುಪ್ರೀಂ ಕೋರ್ಟ್ ಮೇ 19ಕ್ಕೇ ಸದನದಲ್ಲಿ ತೋರಿಸಿ ಅಂದಿತು, ಮತಕ್ಕೆ ಹಾಕುವ ಮುಂಚೆಯೇ ಮುಖ್ಯಮಂತ್ರಿ ರಾಜೀನಾಮೆ ಕೊಟ್ಟರು. ಈ ವಾದಕ್ಕೆ ನೀವು ಉತ್ತರ ಹೇಳಲೇಬೇಕಾಗುತ್ತದೆ.

ಮೂರನೇವರ್ಷ_ಲಾ:
ಪರಿಹಾರದ ಪ್ರಶ್ನೆಯನ್ನೇ ಹಿಡಿಯುತ್ತೇನೆ. ಇನ್ನೆರಡು ಸಣ್ಣ ಪ್ರಶ್ನೆ. ಸುಪ್ರೀಂ ಕೋರ್ಟ್ ತಪ್ಪು ಮಾಡಿತು ಅಂತ ವಿದ್ಯಾರ್ಥಿ ಬರೆಯಬಹುದಾ, ನ್ಯಾಯಾಂಗ ನಿಂದನೆ ಆಗುವುದಿಲ್ವಾ? ಮತ್ತೆ ಎಐಗೆ ಕೇಳಿ ಸಂಬಂಧಪಟ್ಟ ಕೇಸುಗಳ ಪಟ್ಟಿ ತೆಗೆದುಕೊಳ್ಳಬಹುದಾ?

ಕರಿಕೋಟು:
ಮೊದಲನೆಯದಕ್ಕೆ: ತೀರ್ಪಿನ ಗುಣದೋಷದ ಮೇಲೆ ನ್ಯಾಯವಾದ ಟೀಕೆ ನಿಂದನೆ ಅಲ್ಲ, 1971ರ ನ್ಯಾಯಾಂಗ ನಿಂದನೆ ಕಾಯ್ದೆಯ ಸೆಕ್ಷನ್ 5 ಅದನ್ನೇ ಹೇಳುತ್ತದೆ. ತೀರ್ಪನ್ನು ಟೀಕಿಸಿ, ನ್ಯಾಯಮೂರ್ತಿಗಳ ಉದ್ದೇಶದ ಮೇಲೆ ಆರೋಪ ಮಾಡಬೇಡಿ.

ಎರಡನೆಯದಕ್ಕೆ: ಪಟ್ಟಿ ತೆಗೆದುಕೊಳ್ಳಿ, ನಂಬಬೇಡಿ. ಅಮೆರಿಕದಲ್ಲಿ 2023ರಲ್ಲಿ ಮಾಟಾ ವಿರುದ್ಧ ಏವಿಯಾಂಕಾ ಕೇಸಿನಲ್ಲಿ ವಕೀಲರು ಚಾಟ್‌ಜಿಪಿಟಿ ಕೊಟ್ಟ ಕೇಸುಗಳನ್ನು ಕೋರ್ಟಿಗೇ ಹಾಕಿದರು, ಅಂಥ ಕೇಸುಗಳೇ ಇರಲಿಲ್ಲ, 5000 ಡಾಲರ್ ದಂಡ ಬಿತ್ತು. ಒಂದೊಂದು ಹೆಸರನ್ನೂ ಸುಪ್ರೀಂ ಕೋರ್ಟಿನ ತೀರ್ಪುಗಳ ಆನ್‌ಲೈನ್ ಸಂಗ್ರಹವಾದ ಇ-ಎಸ್‌ಸಿಆರ್‌ನಲ್ಲಿ ಹುಡುಕಿ, ತೆರೆದು, ನಿಮಗೆ ಬೇಕಾದ ಪ್ಯಾರಾ ಅಲ್ಲಿದೆಯಾ ಅಂತ ನೋಡಿ. ಕೆಲವು ತೀರ್ಪುಗಳ ಕನ್ನಡ ಅನುವಾದವೂ ಸಿಗುತ್ತದೆ. ಅರ್ಥ ಮಾಡಿಕೊಳ್ಳಲು ಒಳ್ಳೆಯದು, ಆದರೆ ಉಲ್ಲೇಖಕ್ಕೆ ಇಂಗ್ಲಿಷ್ ಮೂಲವೇ.

ಹರಟೆಕಟ್ಟೆ:
ಬರೆದಾದ ಮೇಲೆ ಇಲ್ಲೂ ಹಾಕು ಮಾರಾಯ. ಲಾ ಗೊತ್ತಿಲ್ಲದವನಿಗೆ ಅರ್ಥ ಆಗುತ್ತದಾ ನೋಡೋಣ.

ಪ್ಯಾರಾನಂಬರ್:
ಸಬ್ಮಿಟ್ ಮಾಡಿ ಅಂಕ ಬಂದ ಮೇಲೆ ಹಾಕಿ. ಮುಂಚೆ ಹಾಕಿದರೆ ಕಾಪಿ ಪತ್ತೆ ಮಾಡುವ ಸಾಫ್ಟ್‌ವೇರ್ ನಿಮ್ಮ ಪ್ರಬಂಧವನ್ನು ನಿಮ್ಮಿಂದಲೇ ಕದ್ದದ್ದು ಅಂತ ಹಿಡಿದು ಕೊಡುತ್ತದೆ.